ಸಾಯಬಣ್ಣನ ಲಚ್ಚಿ

ಮುಲುಂಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಟಾಂಗಾ ಸ್ಟ್ಯಾಂಡು, ಅದರ ಎದುರಿಗೆ ನನ್ನ ಹೋಟೆಲು. ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದರೆ ಮೊದಲು ಕಾಣುತ್ತಿದ್ದದ್ದು ಸಾಯಬಣ್ಣನ ಕುದುರೆಯ ಮುಖ, ಆಮೇಲೆ ಸಾಯಬಣ್ಣನ ಮುಖ. ಎರಡರಲ್ಲಿ ಕುದುರೆಯದೇ ಗೆಲುವಿನ ಮುಖ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವನು ನಗುತ್ತಿರಲಿಲ್ಲ. ನಗುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

ಬಿಜಾಪುರ ಜಿಲ್ಲೆಯ ಇಂಡಿ ಕಡೆಯವನು. ಮುಂಬಯಿಗೆ ಬಂದು ಹದಿನೆಂಟು ವರ್ಷವಾಗಿದ್ದರೂ ಅವನ ಹಿಂದಿ ಬೈಠೋ, ಉತರೋ, ಛುಟ್ಟಾ ದೇವ್, ಅಂದರೆ ಕೂತುಕೊಳ್ಳಿ, ಇಳಿಯಿರಿ, ಚಿಲ್ಲರೆ ಕೊಡಿ, ಇಷ್ಟನ್ನು ದಾಟಿ ಮುಂದೆ ಹೋಗಿರಲಿಲ್ಲ. ಉಳಿದ ಮಾತೆಲ್ಲ ಕುದುರೆಯ ಹತ್ತಿರ. ಭಾಂಡುಪಿನ ಇಟ್ಟಿಗೆ ಭಟ್ಟಿಯೊಂದರಲ್ಲಿ ಎಲುಬು ಎಣಿಸುವಂತಿದ್ದ ಕೆಂಚು ಮರಿಯನ್ನು ತಂದು, ಹುರುಳಿ ಬೇಯಿಸಿ ಹಾಕಿ, ಕೈಯಾರೆ ತಿಕ್ಕಿ ತೊಳೆದು ಬೆಳೆಸಿದ್ದ. ಅದಕ್ಕೆ ಲಚ್ಚಿ ಎಂದು ಹೆಸರಿಟ್ಟವಳು ಅವನ ಹೆಂಡತಿ ಹಾಲವ್ವ. ನಾನು ಹೇಳುತ್ತಿರುವ ಅರವತ್ತೊಂಬತ್ತನೆಯ ಇಸವಿಗೆ ಲಚ್ಚಿಗೆ ಹನ್ನೆರಡು ವರ್ಷ, ಸಾಯಬಣ್ಣನಿಗೆ ನಲವತ್ತೈದು ದಾಟಿತ್ತು.

ಆಗ ಚಳಿಗಾಲದ ಭಾನುವಾರಗಳಲ್ಲಿ, ಲಾರಿಗಳು ಎದ್ದು ಬರುವ ಮೊದಲು, ಆಗ್ರಾ ರೋಡಿನಲ್ಲಿ ಟಾಂಗಾ ರೇಸು ನಡೆಯುತ್ತಿತ್ತು. ಭಾಂಡುಪಿನಿಂದ ಮುಲುಂಡ್ ನಾಕಾವರೆಗಿನ ಸಣ್ಣ ರೇಸಿನಲ್ಲಿ ಲಚ್ಚಿಯೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಕ್ಕೊಮ್ಮೆ ಜನವರಿಯಲ್ಲಿ ಥಾಣೆಯಿಂದ ಶೀವ್‌ವರೆಗೆ ದೊಡ್ಡ ರೇಸು. ಅದರಲ್ಲಿ ಗೆದ್ದವನಿಗೆ ಫೇಟಾ ಕಟ್ಟಿ ಬ್ಯಾಂಡು ಬಾರಿಸುತ್ತಾ ಕರೆತರುತ್ತಿದ್ದರು. ಲಚ್ಚಿ ಮೂರು ವರ್ಷ ಸತತವಾಗಿ ಎರಡನೆಯವಳಾಗಿ ಬಂದಿದ್ದಳು. ಎರಡನೆಯವನನ್ನು ಮುಂಬಯಿಯಲ್ಲಿ ಯಾರು ಮೂಸಿ ನೋಡುತ್ತಾರೆ?

ಸಾಯಬಣ್ಣನಿಗೆ ಆ ಫೇಟಾದ ಹುಚ್ಚು. ಅವನಿಗೆ ಬೇರೆ ಚಟವಿರಲಿಲ್ಲ, ಆಸೆಯೂ ಇರಲಿಲ್ಲ. ಬಸ್ಸುಗಳು ಹೆಚ್ಚಾಗುತ್ತಿದ್ದವು, ಸ್ಟ್ಯಾಂಡಿನಲ್ಲಿ ಟಾಂಗಾಗಳು ಮೂವತ್ತರಿಂದ ಹನ್ನೊಂದಕ್ಕೆ ಇಳಿದಿದ್ದವು. "ಇನ್ನ ಎರಡ ಮೂರ ವರ್ಷ ಅಷ್ಟ ಅಣ್ಣಾರ, ಆಮ್ಯಾಲೆ ನಮ್ಮನ್ನ ಯಾರ್ ಕೇಳ್ತಾರ್ರಿ. ಒಮ್ಮೆರ ಮೊದಲ ಬರಬೇಕ್ರಿ" ಎನ್ನುತ್ತಿದ್ದ.

ಆ ದೀಪಾವಳಿಯ ಹೊತ್ತಿಗೆ ಸಂಗಪ್ಪ ಬಂದ. ಸಾಯಬಣ್ಣನ ಊರಿನ ಕಡೆಯವನೇ. ಮಹಾಲಕ್ಷ್ಮಿಯ ರೇಸ್‌ಕೋರ್ಸಿನಲ್ಲಿ ಕುದುರೆಗಳಿಗೆ ಮಾಲೀಸು ಮಾಡುತ್ತಿದ್ದ. ಅಲ್ಲಿನ ಒಬ್ಬ ಸಾಹೇಬರು ಐದು ವರ್ಷದ ಗಂಡು ಕುದುರೆಯೊಂದನ್ನು ಕಡಿಮೆ ಬೆಲೆಗೆ ಕೊಟ್ಟುಬಿಡುತ್ತಾರಂತೆ. ಆ ಮೈದಾನದಲ್ಲಿ ಅದು ಹಿಂದೆ ಬೀಳುತ್ತದೆ, ಆದರೆ ಟಾಂಗಾಗಳ ನಡುವೆ ಅದಕ್ಕೆ ಸಾಟಿಯಿಲ್ಲ, ತಿಂಗಳೊಪ್ಪತ್ತಿನಲ್ಲಿ ಗಾಡಿಗೆ ಹೂಡುವುದನ್ನು ನಾನೇ ಕಲಿಸಿಕೊಡುತ್ತೇನೆ ಎಂದ. ಎರಡು ಕುದುರೆ ಸಾಕುವ ಯೋಗ್ಯತೆ ಸಾಯಬಣ್ಣನಿಗೆ ಇರಲಿಲ್ಲ. ಘಾಟ್ಕೋಪರಿನ ಟಾಂಗಾವಾಲಾ ಧೋಂಡೀಬಾ ಲಚ್ಚಿಯ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ. ಲಚ್ಚಿಯನ್ನು ಅವನಿಗೆ ಮಾರಿದರೆ ಆ ಹಣದಲ್ಲಿ ಈ ಕುದುರೆ ಕೈಗೆ ಬರುತ್ತಿತ್ತು.

ಅಲ್ಲಿಂದ ಮೂರು ವಾರ ಅವನು ನನ್ನ ತಲೆ ತಿಂದ, ನಾನು ಅವನ ತಲೆ ತಿಂದೆ. ಬೆಳಿಗ್ಗೆ ಮಾರುತ್ತೇನೆ ಎನ್ನುವುದು, ಸಂಜೆ ಬೇಡ ಎನ್ನುವುದು. ನನಗೆ ಇಂಥ ಡೋಲಾಯಮಾನ ಬುದ್ಧಿಯವರನ್ನು ಕಂಡರೆ ಮೈ ಉರಿಯುತ್ತದೆ. "ಮಾರು ಮಾರಾಯ! ಎಂತ, ಕುದುರೆಯನ್ನು ಮದುವೆ ಆಗಿದ್ದೀಯಾ?" ಎಂದು ಗಿರಾಕಿಗಳ ಎದುರೇ ಬೈದೆ. ಅವನು ಹಾಲವ್ವನನ್ನು ಕೇಳಿದರೆ ಅವಳು ಅವನಿಗಿಂತ ದಣಿದಿದ್ದಳು. ಹಗಲಿಡೀ ಗಾರೆ ಕೆಲಸ, ಬಂದ ಮೇಲೆ ಲಾಯದ ಕಸ. "ಮಾರ್ತಿದ್ರ ಮಾರು, ಇಟ್ಕೊಂತಿದ್ರ ಇಟ್ಕೊ. ರಾತ್ರೆಲ್ಲಾ ಹೊಳ್ಳಾಡಿ ನನ್ನ ನಿದ್ದಿ ಕೆಡಸಬ್ಯಾಡ" ಎಂದಳಂತೆ.

ಕೊನೆಗೆ ಅವನು ಒಂದು ಉಪಾಯ ಹಿಡಿದ. ಧೋಂಡೀಬಾ ಲಚ್ಚಿಯನ್ನು ಒಂದು ಸುತ್ತು ಓಡಿಸಿ ನೋಡಲಿ, ಅವನ ಕೈಯಲ್ಲಿ ಓಡಿದರೆ ಕೊಡುವುದು, ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. "ಆಕಿ ಮಂದಿ ಕೈಯಾಗ ಓಡೂದಿಲ್ರಿ ಅಣ್ಣಾರ, ನೋಡ್ರಿ ಬೇಕಾರ" ಎಂದು ನನ್ನ ಕಿವಿಯಲ್ಲಿ ಹೇಳಿದ. ಆಗ ನನಗೆ ಅರ್ಥವಾಯಿತು. ಬೇಡ ಎನ್ನುವ ಧೈರ್ಯ ಅವನಿಗಿರಲಿಲ್ಲ, ಅದನ್ನು ಕುದುರೆಯ ಕೈಯಲ್ಲಿ ಹೇಳಿಸಲು ಹೊರಟಿದ್ದ.

ಒಂದು ಮಂಗಳವಾರ ಮಧ್ಯಾಹ್ನ ಧೋಂಡೀಬಾ ಬಂದ. ಕಟ್ಟುಮಸ್ತು ಆಳು, ದೊಡ್ಡ ಗಂಟಲು. ಟಾಂಗಾ ಏರಿ, ಲಗಾಮು ಹಿಡಿದು, "ಚಲ್ ಬೇಟಾ, ಚಲ್" ಎಂದ. ಲಚ್ಚಿ ನಡೆದಳು, ಅಷ್ಟೇ. ಅವನು ಹಿಂದಿಯಲ್ಲಿ ಕೂಗಿದ, ಮರಾಠಿಯಲ್ಲಿ ಕೂಗಿದ, ನಾಲಿಗೆಯಲ್ಲಿ ಟಕಟಕ ಸದ್ದು ಮಾಡಿದ. ಮುದುಕಿ ಬಜಾರಿಗೆ ಹೋದ ಹಾಗೆ ಸ್ಟೇಷನ್ ರೋಡಿನ ತುದಿಯವರೆಗೆ ಹೋಗಿ ತಿರುಗಿ ಬಂದಳು. ಸ್ಟ್ಯಾಂಡಿನವರೆಲ್ಲ ಬಿದ್ದು ಬಿದ್ದು ನಕ್ಕರು. ಸಾಯಬಣ್ಣ ನಮ್ಮ ಹೋಟೆಲಿನ ಕಂಬಕ್ಕೆ ಒರಗಿ ನಿಂತಿದ್ದ. ಅಷ್ಟು ವರ್ಷಗಳಲ್ಲಿ ಅವನ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ.

"ಯೇ ಘೋಡೀ ಹೈ ಯಾ ಭಿಂತ್ ಹೈ?" ಇದು ಕುದುರೆಯೋ ಗೋಡೆಯೋ ಎಂದು ಧೋಂಡೀಬಾ ಕಿರುಚಿದ. ಮರ್ಯಾದೆ ಹೋಗಿತ್ತಲ್ಲ. ಸಾಯಬಣ್ಣ ತೋರಿಕೆಗೆಂದು ಸಿಕ್ಕಿಸಿಟ್ಟಿದ್ದ, ಒಂದು ದಿನವೂ ಬಳಸದಿದ್ದ ಚಾವಟಿಯನ್ನು ಧೋಂಡೀಬಾ ಸೆಳೆದು ಬೀಸಿದ. ಮೊದಲ ಏಟಿಗೆ ಲಚ್ಚಿಗೆ ಏನಾಯಿತೆಂದೇ ತಿಳಿಯಲಿಲ್ಲ, ಹಿಂದಕ್ಕೆ ತಿರುಗಿ ನೋಡಿದಳು. ಎರಡನೆಯ ಏಟಿಗೆ ಕಾಲು ಮಡಚಿಕೊಂಡು ನಡುಗಿದಳು. ಮೂರನೆಯದಕ್ಕೆ ಕೈ ಎತ್ತುವುದರೊಳಗೆ ಸಾಯಬಣ್ಣ ಓಡಿಹೋಗಿ ಚಾವಟಿಯನ್ನು ಹಿಡಿದುಕೊಂಡ.

"ಮಾರೋ ಮತ್. ಬೋಲೋ. ಹಮಾರಾ ಬಾತ್ ಬೋಲೋ." ಹೊಡೆಯಬೇಡ, ನಮ್ಮ ಮಾತು ಹೇಳು ಎಂದ.

ಕಂಬದ ಹತ್ತಿರ ಸುಮ್ಮನೆ ನಿಂತಿದ್ದರೆ ಕುದುರೆ ಅವನದೇ ಆಗಿ ಉಳಿಯುತ್ತಿತ್ತು, ಇನ್ನೆರಡು ಏಟು ಬೀಳುತ್ತಿತ್ತು ಅಷ್ಟೇ. ಅಷ್ಟನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ತಾನು ಓಡಿಸುವಾಗ ಹೇಳುತ್ತಿದ್ದ ಮಾತನ್ನು ಧೋಂಡೀಬಾನ ಕಿವಿಯ ಹತ್ತಿರ ಬಗ್ಗಿ ಹೇಳಿಕೊಟ್ಟ. "ನಡೀ ನಮ್ಮವ್ವಾ, ಊರ ಬಂತು." ಧೋಂಡೀಬಾ ಎರಡು ಸಲ ತಪ್ಪಿದ. ಇವನು ಶಾಲೆಯ ಮಾಸ್ತರನ ಹಾಗೆ ತಿದ್ದಿದ. ಮತಲಬು ಏನು ಎಂದು ಅವನು ಕೇಳಿದ್ದಕ್ಕೆ, "ಕುಛ್ ನಹೀ" ಎಂದ.

ಧೋಂಡೀಬಾ ಲಗಾಮು ಸಡಿಲಿಸಿ ಆ ಮಾತನ್ನು ಹೇಳಿದ. ಅವನ ಬಾಯಲ್ಲಿ ಕನ್ನಡ ಕಲ್ಲು ಅಗಿದ ಹಾಗೆ ಕೇಳುತ್ತಿತ್ತು. ಲಚ್ಚಿಯ ಕಿವಿಗಳು ನೆಟ್ಟಗಾದವು. ಆಮೇಲೆ ಅವಳು ಓಡಿದ ಓಟವನ್ನು ನಾನು ದೊಡ್ಡ ರೇಸಿನಲ್ಲೂ ಕಂಡಿರಲಿಲ್ಲ. ತಿರುವು ದಾಟಿ, ಧೂಳೆಬ್ಬಿಸಿ, ಸ್ಟೇಷನ್ನಿನ ಕೈಗಾಡಿಯವರನ್ನೆಲ್ಲ ಚದುರಿಸಿ ವಾಪಸು ಬಂದು ನಿಂತಳು. ಧೋಂಡೀಬಾ ಇಳಿದು ಸಾಯಬಣ್ಣನನ್ನು ಬಾಚಿ ತಬ್ಬಿಕೊಂಡ.

ಸಾಯಬಣ್ಣ ನನ್ನ ಬೆಂಚಿನ ಮೇಲೆ ಬಂದು ಕುಳಿತ. "ಆ ಮಾತ ಯಾರಂದ್ರೂ ಓಡತಾಳ್ರಿ ಆಕಿ. ನಾ ಹದಿನೆಂಟ ವರ್ಷದಾಗ ಒಬ್ಬಾವಂಗ ಮಾತ ಕಲಿಸಿದ್ನಿ, ಇವತ್ತ" ಎಂದ. ಬೇಡ ಎನ್ನಲು ಅವನ ಹತ್ತಿರ ಇನ್ನು ಯಾವ ನೆಪವೂ ಉಳಿದಿರಲಿಲ್ಲ. ನನಗೆ ಕೆಡುಕೆನಿಸಿತು, ಆದರೂ "ಒಳ್ಳೆಯದೇ ಆಯಿತು ಬಿಡು" ಎಂದೆ. ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಲು ನನಗೆ ಬರುವುದಿಲ್ಲ.

ಶುಕ್ರವಾರ ಲಚ್ಚಿ ಹೋದಳು. ಹಾಲವ್ವ ಕೆಲಸಕ್ಕೆ ರಜೆ ಹಾಕಿ ಅವಳ ಕಾಲು ತೊಳೆದು, ಹಣೆಗೆ ಕುಂಕುಮ ಹಚ್ಚಿ, ಬೆಲ್ಲ ತಿನ್ನಿಸಿದಳು. ಮಾರಿದ ಜೀವದ ಜೊತೆಗೆ ಹಗ್ಗ ಕೊಡುವುದು ಅವರ ಕಡೆಯ ಪದ್ಧತಿಯಲ್ಲ. ಧೋಂಡೀಬಾ ತಂದ ಹೊಸ ಹಗ್ಗ ಹಾಕಿದ ಮೇಲೆ ತಮ್ಮದನ್ನು ಬಿಚ್ಚಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು. ಮಾರಿದರೂ ಸರಿ, ಇಟ್ಟುಕೊಂಡರೂ ಸರಿ ಎಂದಿದ್ದವಳು ಆಗ ಬಿಕ್ಕಿ ಬಿಕ್ಕಿ ಅತ್ತಳು. ಸಾಯಬಣ್ಣ ಗೋಡೆಯ ಕಡೆಗೆ ಮುಖ ಮಾಡಿ ಬೀಡಿ ಹಚ್ಚುತ್ತಲೇ ಇದ್ದ.

ಜನವರಿಯ ದೊಡ್ಡ ರೇಸಿನಲ್ಲಿ ಸಾಯಬಣ್ಣ ಆ ಹೊಸ ಗಂಡು ಕುದುರೆಯನ್ನು ಹೂಡಿ ಮೊದಲು ಬಂದ. ಎರಡನೆಯವನಿಗೂ ಅವನಿಗೂ ನಡುವೆ ಎರಡು ಬಸ್ಸು ಹೋಗುವಷ್ಟು ಜಾಗವಿತ್ತಂತೆ. ಹಳದಿ ಫೇಟಾ ಕಟ್ಟಿ, ಗುಲಾಲು ಎರಚಿ, ಬ್ಯಾಂಡಿನವರ ಜೊತೆ ಮುಲುಂಡ್‌ವರೆಗೂ ಕರೆತಂದರು. ನಾನು ಹೋಟೆಲಿನವರಿಗೆಲ್ಲ ಶೀರಾ ಮಾಡಿಸಿ ಹಂಚಿದೆ.

ಜನ ಚದುರಿದ ಮೇಲೆ ಅವನು ಒಳಗೆ ಬಂದು ಕುಳಿತ. ಕೆನ್ನೆಯ ಮೇಲೆ ಗುಲಾಲು ಬೆವರಿನೊಡನೆ ಇಳಿಯುತ್ತಿತ್ತು. ನಾನೇ ಶೀರಾದ ತಟ್ಟೆ ತಂದಿಟ್ಟು, "ಹೇಗಿತ್ತು ಮಾರಾಯ? ಹೇಳು, ಮೊದಲಿಂದ ಹೇಳು" ಎಂದೆ.

"ಓಡಿತ್ರಿ" ಎಂದ. ಶೀರಾದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನಾ ಬಾಯಿ ತಗೀಲಿಲ್ರಿ. ತಗದ್ರೂ ಅದಕ್ಕೇನ್ ತಿಳೀಬೇಕು. ಬಿಟ್ರ ಓಡತೈತಿ. ನಾ ಕುಂತಿದ್ರೂ ಅಷ್ಟ, ಬ್ಯಾರೆ ಯಾವನರ ಕುಂತಿದ್ರೂ ಅಷ್ಟ. ಇದರಾಗ ನಾ ಗೆದ್ದದ್ದ ಏನೈತ್ರಿ ಅಣ್ಣಾರ?"

ಮಾರು ಮಾರು ಎಂದು ಮೂರು ವಾರ ಅವನ ಜೀವ ಹಿಂಡಿದವನು ನಾನು. ಅವನು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಆ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದೆ.