ಬೆಳ್ಳಿಯ ಲಾಳಿಕೆಗಳು, ಅತ್ತೆಯ ಸೀಸೆ

ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ದೊಡ್ಡ ಬಾಟಲಿಯಿಂದ ಚಿಕ್ಕ ಬಾಟಲಿಗೆ ಸಿರಪ್ ಸುರಿದವಳು ಅವಳು. ಹಾಗಾಗಿ ಹಳೇ ಸಾಮಾನಿನ ಅಂಗಡಿಯವನು ಹೆಬ್ಬೆರಳುದ್ದದ ಬೆಳ್ಳಿ ವಸ್ತುವೊಂದನ್ನು ತೋರಿಸಿ "ಗೊಂಬೆ ಆಟದ್ದು ಮೇಡಂ" ಅಂದಾಗ ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಅದು ಲಾಳಿಕೆ, ಸೆಂಟಿನ ಸೀಸೆ ತುಂಬಿಸುವುದಕ್ಕೆ ಮಾಡಿದ್ದು. ಮೂತಿ ಅಕ್ಕಿಕಾಳಿನಷ್ಟು ಸಪೂರ.

ಆವತ್ತು ಹಿಡಿದ ಹುಚ್ಚು ಬಿಡಲಿಲ್ಲ. ಹತ್ತು ವರ್ಷದಲ್ಲಿ ಏಳು ಲಾಳಿಕೆ, ಸೆಂಟು ಅದ್ದಿ ಕಿವಿಯ ಹಿಂದೆ ಹಚ್ಚುವ ಎರಡು ಕಡ್ಡಿ, ಬಿಗಿದ ಬಿರಡೆ ಎಳೆಯುವ ಒಂದು ಕೊಕ್ಕೆ ಅವಳ ಡಬ್ಬಿ ಸೇರಿದವು. ಬಸ್ ಓಡಿಸುವ ಗಂಡ, "ಇದರಲ್ಲಿ ಇರುವೆಗೆ ನೀರು ಕುಡಿಸ್ತೀಯೇನೇ?" ಅಂತ ರೇಗಿಸುತ್ತಿದ್ದ. ಅತ್ತೆ ಮಾತ್ರ ಮೂಗು ಮುರಿಯುತ್ತಿದ್ದರು. "ಮನೇಲಿ ಒಂದು ಸೆಂಟಿನ ಸೀಸೆ ಇಲ್ಲ, ಸಲಕರಣೆಗೇನೂ ಕಮ್ಮಿ ಇಲ್ಲ!"

ಅದೇ ಅತ್ತೆ ಒಂದು ಮಧ್ಯಾಹ್ನ, ಮಗ ಡ್ಯೂಟಿಗೆ ಹೋದ ಮೇಲೆ, ಕರ್ಚೀಫಿನಲ್ಲಿ ಸುತ್ತಿದ ನೀಲಿ ಸೀಸೆಯೊಂದನ್ನು ಮೇಜಿನ ಮೇಲಿಟ್ಟರು.

"ನಿನ್ನ ಕೊಕ್ಕೆಗೆ ಇದು ಬಗ್ಗುತ್ತಾ ನೋಡು."

ಮದುವೆಯ ಹೊಸತರಲ್ಲಿ ಮಾವ ತಂದುಕೊಟ್ಟದ್ದಂತೆ. ಒಳ್ಳೇ ದಿನ ಹಚ್ಚಿಕೊಳ್ಳೋಣ ಎಂದು ಎತ್ತಿಟ್ಟರು. ಯಾವ ದಿನವೂ ಅಷ್ಟು ಒಳ್ಳೇದು ಅನ್ನಿಸಲೇ ಇಲ್ಲ. ಮಾವ ತೀರಿಕೊಂಡ ವರ್ಷ ತೆಗೆಯಲು ಹೋದರೆ ಗಾಜಿನ ಬಿರಡೆ ಕಚ್ಚಿಕೊಂಡಿತ್ತು.

ಸೊಸೆ ಬಿರಡೆಯ ಸುತ್ತ ಒಂದು ಹನಿ ಗ್ಲಿಸರಿನ್ ಬಿಟ್ಟಳು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸೀಸೆಯ ಕತ್ತಿಗೆ ಸುತ್ತಿ, ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆದಳು. ಜಪ್ಪಯ್ಯ ಅಂದರೂ ಬರಲಿಲ್ಲ. ಮತ್ತೆ ಬಿಸಿಬಟ್ಟೆ. ಮೂರನೇ ಸಲಕ್ಕೆ ಬಿರಡೆ ಟಿಕ್ಕೆಂದು ಮೇಲೆದ್ದಿತು.

ಅತ್ತೆ ಆತುರದಿಂದ ಮೂಸಿದರು. ಸೆಂಟೆಲ್ಲ ಇಂಗಿ ತಳದಲ್ಲಿ ಕಂದು ಅಂಟು ಉಳಿದಿತ್ತು. ಬಂದದ್ದು ಕುರ್ಚಿಗೆ ಬಳಿಯುವ ಪಾಲಿಷಿನ ವಾಸನೆ.

ಅಳುತ್ತಾರೇನೋ ಅಂದುಕೊಂಡಳು ಸೊಸೆ. ಅತ್ತೆ ಬಿದ್ದು ಬಿದ್ದು ನಕ್ಕರು. "ಐವತ್ತೆಂಟು ವರ್ಷ ಪಾಲಿಷ್ ಕಾಯ್ತಾ ಕೂತಿದ್ದೆನಲ್ಲೇ ನಾನು!" ಕಣ್ಣೊರೆಸಿಕೊಂಡು ಎದ್ದರು. "ನಡಿ, ಹೊಸದು ತರೋಣ. ಈಗಲೇ."

ಸಂಜೆ ಸೀಸೆಯನ್ನು ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದರು. ತಂದ ಸೆಂಟನ್ನು ಲಾಳಿಕೆ ಇಟ್ಟು ತುಂಬಿಸುವವರು ಅತ್ತೆಯೇ ಆಗಬೇಕೆಂದು ಸೊಸೆ ಹಟ ಹಿಡಿದಳು. ನಡುಗುವ ಆ ಮಣಿಕಟ್ಟನ್ನು ತಾನು ಹಿಡಿದುಕೊಂಡಳು. ಒಂದು ಹನಿಯೂ ಚೆಲ್ಲಲಿಲ್ಲ.

ಈಗ ಅತ್ತೆ ತರಕಾರಿ ತರಲೂ ಸೆಂಟು ಹಚ್ಚಿಕೊಂಡೇ ಹೋಗುತ್ತಾರೆ. ಹಳೇ ಸಾಮಾನಿನ ಅಂಗಡಿಗೂ ಇಬ್ಬರೂ ಜೊತೆಗೇ. ಕಳೆದ ವಾರ ಲಾಳಿಕೆಯೊಂದರ ಅಂಚು ನೆಗ್ಗಿದೆ ಎಂದು ಸೊಸೆ ಬೇಡವೆಂದಳು. ಅತ್ತೆ ಅದನ್ನು ಕೈಬಿಡಲಿಲ್ಲ.

"ನಿನಗೆ ಬೇಡದಿದ್ರೆ ಬಿಡು. ಇದು ನನ್ನದು. ನಿನ್ನ ಡಬ್ಬಿಗೆ ಹಾಕಲ್ಲ."