ಉಳಿದದ್ದು ಬಿಳಿ ಶರ್ಟೊಂದೇ

ಬಾರಿನ ಬಾಗಿಲು ಕಾಯುವ ಪೈಲ್ವಾನನ ಬೀರುವಿನಲ್ಲಿದ್ದದ್ದು ಮೂರು ಶರ್ಟು, ಎರಡು ಪ್ಯಾಂಟು, ಒಂದು ಕರಿ ಕೋಟು. ಯಾವುದಕ್ಕೆ ಯಾವುದನ್ನು ಹಾಕಿದರೂ ಒಪ್ಪುತ್ತಿತ್ತು. ಮದುವೆ, ಮಸಣ, ಮಾರಾಮಾರಿ ಎಲ್ಲವೂ ಅಷ್ಟರಲ್ಲೇ ನಡೆಯುತ್ತಿತ್ತು. ಆದರೆ ಸೋಮವಾರದ ಹೊಡೆದಾಟದಲ್ಲಿ ನೀಲಿ ಶರ್ಟು ಚಿಂದಿಯಾಯಿತು. ಮಂಗಳವಾರ ಬೂದುಬಣ್ಣದ್ದರ ತೋಳು ಯಾರದೋ ಹಲ್ಲಿನಲ್ಲೇ ಉಳಿಯಿತು. ಬುಧವಾರಕ್ಕೆ ಇನ್ನು ಬಿಳಿಯದೊಂದೇ ಗತಿ. ಮರುದಿನ ಬೆಳಿಗ್ಗೆ ಮಗಳಿಗೆ ಶಾಲೆಯಲ್ಲಿ ಬಹುಮಾನ ಕೊಡುವವರಿದ್ದರು.

“ಇದಕ್ಕೊಂದು ಹನಿ ರಕ್ತ ಬಿದ್ರೆ ಮನೆಗೇ ಬರ್ಬೇಡಿ,” ಎಂದಿದ್ದಳು ಹೆಂಡತಿ.

ಸಂಜೆ ಲಾರಿ ಡ್ರೈವರನೊಬ್ಬ ಬಾಟಲಿ ಒಡೆದು ಮೈಮೇಲೆ ಬಂದ.

“ತಡಿಯೋ, ಶರ್ಟ್ ಬಿಚ್ಚಿಡ್ತೀನಿ!”

“ಬಿಚ್ಚಣ್ಣ, ಆರಾಮಾಗಿ ಬಿಚ್ಚು,” ಎಂದ ಡ್ರೈವರ, ಪೈಲ್ವಾನನ ಕೈಗಳೆರಡೂ ಬೆನ್ನ ಹಿಂದೆ ಶರ್ಟಿನ ತೋಳಿನೊಳಗೆ ಸಿಕ್ಕಿಕೊಂಡಿದ್ದಾಗಲೇ ಮೂಗಿಗೆ ಗುದ್ದಿದ. ಲಟಕ್ಕೆಂದ ಸದ್ದಿಗೆ ಊರಿನ ಗಡಿಯಾರಗಳೆಲ್ಲ ನಿಂತವು. ಮತ್ತೆರಡು ಗುದ್ದು ದವಡೆಗೆ, ಒಂದು ಕಣ್ಣಿಗೆ. ಪೈಲ್ವಾನ ಕೊಕ್ಕರೆಯಂತೆ ಕತ್ತು ಮುಂದೆ ಚಾಚಿ, ರಕ್ತವನ್ನೆಲ್ಲ ನೆಲಕ್ಕೇ ಸುರಿಸುತ್ತ, ಶರ್ಟನ್ನು ನಿಧಾನವಾಗಿ ಕಳಚಿ ಮೊಳೆಗೆ ನೇತುಹಾಕಿದ. ಆಮೇಲೆ ಕೊಟ್ಟ ಒಂದೇ ಏಟಿಗೆ ಡ್ರೈವರ ಮೂರು ಬೀದಿ ದಾಟಿ ಬಿದ್ದ.

ಬೆಳಿಗ್ಗೆ ಹಾಲಿನಂಥ ಶರ್ಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತವನನ್ನು ಮಗಳು ದಿಟ್ಟಿಸಿ ನೋಡಿದಳು.

“ಶರ್ಟೇನೋ ನಿಂದೇ ಕಣಪ್ಪ. ಮುಖ ಯಾರ್ದು?”