ನೀರು ಮುಟ್ಟದ ಮಾಮಾ

ಲ್ಯಾಬ್ ಮಾಮಾನ ಬಲಗೈಯ ಉಗುರುಗಳು ಸದಾ ನೀಲಿ. ಎಷ್ಟು ತಿಕ್ಕಿ ತೊಳೆದರೂ, ದೀಪಾವಳಿಯ ಎಣ್ಣೆನೀರಿಗೂ ಆ ಬಣ್ಣ ಜಗ್ಗುತ್ತಿರಲಿಲ್ಲ. ಬನಹಟ್ಟಿಯಲ್ಲಿ ನಮ್ಮ ಹಿತ್ತಲಿಗೆ ಹತ್ತಿಕೊಂಡೇ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದಿತ್ತು, ಈಗ ಮುಚ್ಚಿದೆ. ಅಲ್ಲಿನ ಲ್ಯಾಬಿನಲ್ಲಿ ಬಣ್ಣದ ಹದ, ನೀರಿನ ಗುಣ ನೋಡುವುದು ಅವರ ಕೆಲಸ. ರಕ್ತಸಂಬಂಧವೇನಿಲ್ಲ. ಒಡಹುಟ್ಟಿದವರಿಲ್ಲದ ಅವ್ವ ಪಂಚಮಿಗೆ ಇವರಿಗೇ ಶೇಂಗಾ ಉಂಡಿ ಕಟ್ಟಿಕೊಟ್ಟು ಅಣ್ಣನನ್ನಾಗಿ ಮಾಡಿಕೊಂಡಿದ್ದಳು. ಹಾಗಾಗಿ ನನಗೆ ಮಾಮಾ.

ಪಾಳಿ ಮುಗಿದ ಮೇಲೆ ರಬಕವಿಯ ಕಡೆ ಸೈಕಲ್ ತಿರುಗಿಸುವ ಮುಂಚೆ, ನಮ್ಮ ಪಡಸಾಲೆಯಲ್ಲಿ ಅರ್ಧ ತಾಸು ಕೂತು ನನಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ಪ್ರಯೋಗ ಮಾಡದೆ ಉತ್ತರ ಬರೆದರೆ ಕಿವಿ ಹಿಂಡುತ್ತಿದ್ದರು. "ಮಾಡಿ ನೋಡಲಾರದ ಬರದ್ರ ಅದು ಸುಳ್ಳಾಕ್ಕೈತಿ ಲೇ." ನಾನಿವತ್ತು ಮುಧೋಳದ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದರೆ ಅದು ಆ ಕಿವಿ ಹಿಂಡಿದ ಪುಣ್ಯ.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಮಾಮಾ ಬೆಲ್ಲ ಬಾಯಿಗೆ ಹಾಕಿಕೊಂಡು ನೀರಿನ ತಂಬಿಗೆ ಅತ್ತ ಸರಿಸುತ್ತಿದ್ದರು. ಬೀರೇಶ್ವರನ ಹರಕೆಯಿದೆ, ತಮ್ಮ ಮನೆಯ ನೀರು ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದಿದ್ದರು. ಚಹಾ ಕೂಡ ಇಲ್ಲ. ಸೈಕಲ್ಲಿಗೆ ಮನೆಯ ನೀರಿನ ಬಾಟಲಿ ನೇತಾಡುತ್ತಿತ್ತು. ಅವ್ವನಿಗೆ ಅವರ ಮೇಲೆ ಭಕ್ತಿ ಇನ್ನಷ್ಟು ಹೆಚ್ಚಿತು. ಹರಕೆಯವರಿಗೆ ಒತ್ತಾಯ ಮಾಡಬಾರದೆಂದು ನೀರು ಇಡುವುದನ್ನೇ ಬಿಟ್ಟಳು. ಹಿತ್ತಲ ಬಾವಿಯ ಆ ನೀರನ್ನು ನಾವು ಕುಡಿದೆವು, ಅದರಲ್ಲೇ ಬೇಯಿಸಿಕೊಂಡು ಉಂಡೆವು.

ಅವ್ವನ ಕಿಡ್ನಿ ಕೆಟ್ಟಾಗ ಜಮಖಂಡಿಯ ಡಾಕ್ಟರು ಮೊದಲು ಕೇಳಿದ್ದೇ ಯಾವ ನೀರು ಕುಡಿಯುತ್ತೀರಿ ಎಂದು. ಬಾವಿಯ ನೀರು, ಹಿತ್ತಲ ಮಣ್ಣು ಎರಡನ್ನೂ ಪರೀಕ್ಷೆಗೆ ಕಳಿಸಿದೆ. ಎರಡರಲ್ಲೂ ಬಣ್ಣದ ವಿಷವಿತ್ತು. ಕಾರ್ಖಾನೆಯವರು ಹೊಲಸು ನೀರನ್ನೆಲ್ಲ ತಮ್ಮ ಕಂಪೌಂಡಿನ ಹಾಳು ಬೋರಿಗೆ ಬಿಡುತ್ತಿದ್ದರೆಂದು ಅಲ್ಲಿ ದುಡಿದವರೇ ಹೇಳಿದರು.

ವರದಿ ಹಿಡಿದು ರಬಕವಿಗೆ ಹೋದೆ. ಮಾಮಾ ಹಾಸಿಗೆ ಹಿಡಿದಿದ್ದರು. ಪೂರ್ತಿ ಓದಿ, ಮಡಚಿ ಕೊಟ್ಟರು.

"ನಿಮಗ ಗೊತ್ತಿತ್ತೇನ್ರಿ ಮಾಮಾ?"

"ಮೊದಲನೇ ವರ್ಷನ ಗೊತ್ತಾತು. ಬಾಯಿ ಬಿಟ್ರ ನೌಕರಿ ಹೋಗತಿತ್ತಪಾ."

"ಮತ್ತ ಹರಕಿ?"

ಗೋಡೆಯ ಕಡೆ ಹೊರಳಿದರು. "ಹರಕಿ ಇರಲಿಲ್ಲ."

ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಇದೇ. ಹೆಂಡತಿ ಮಕ್ಕಳಿದ್ದವರು, ನೌಕರಿಗೆ ಹೆದರಿದ್ದನ್ನು ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತೇನೋ. ಆದರೆ ದೇವರನ್ನು ಅಡ್ಡ ಹಿಡಿದು ತಮ್ಮೊಬ್ಬರ ಜೀವ ಕಾಯ್ದುಕೊಂಡರು. ತಂಗಿ ಎಂದು ಕರೆದವಳು ಅದೇ ನೀರು ಕುಡಿಯುವುದನ್ನು ಎದುರಿಗೇ ಕೂತು ನೋಡಿದರು. ನಾನು ಮತ್ತೆ ಆ ಮನೆಗೆ ಕಾಲಿಡಲಿಲ್ಲ.

ಹೋದ ತಿಂಗಳು ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ. ಅವ್ವ ಡಯಾಲಿಸಿಸ್ ಮುಗಿಸಿಕೊಂಡು, ಯಾರು ಬೇಡವೆಂದರೂ ಕೇಳದೆ ಹೋಗಿಬಂದಳು. ಬಂದವಳು ಕಟ್ಟೆಯ ಮೇಲೆ ಕೂತು ಕೇಳಿದಳು.

"ಅಣ್ಣಗ ಎಲ್ಲಾ ಗೊತ್ತಿತ್ತು ಅಂತ ಅಲ್ಲಿ ಮಂದಿ ಮಾತಾಡಾಕತ್ತಿದ್ರು. ಖರೆ ಏನೋ?"

ಸೂಜಿ ಚುಚ್ಚಿಸಿಕೊಂಡು ಊದಿದ್ದ ಆಕೆಯ ಕೈ ನೋಡಿದೆ. ಆಕೆಗೆ ಅಣ್ಣ ಅಂತ ಇದ್ದವರು ಅವರೊಬ್ಬರೇ.

"ಇಲ್ಲವ್ವಾ. ಅವರಿಗೂ ಗೊತ್ತಿರಲಿಲ್ಲ."

ತನಗೂ ಹಾಗೇ ಅನಿಸಿತ್ತು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಅವ್ವ ಒಳಗೆ ಹೋದಳು. ಮಾಮಾ ಪಾರಾದರು. ಅವರ ಸುಳ್ಳನ್ನು, ಅವ್ವ ಇರುವತನಕ, ಇನ್ನು ನಾನು ಕಾಯಬೇಕು.